ಮುಗಿಯುವ ಆಟ, ಮುಗಿಯದ ಆಟ

ನಮ್ಮ ನಗರ ಸೀಮೆಯಲ್ಲಿ ಆಷಾಢದ ಮಳೆ ಹಿಡಿಯಿತೆಂದರೆ ಸುಲಭವಾಗಿ ಬಿಡುವಂಥದಲ್ಲ. ಅಂಥದೊಂದು ಸಂಜೆ ಶಾಲೆ ಬಿಟ್ಟ ಮೇಲೆ, ಮಳೆ ಸ್ವಲ್ಪ ಹಿಂಜರಿಯಲೆಂದು ಶಾಲೆಯ ಜಗಲಿಯಲ್ಲಿ ಕೊಡೆ ಊರಿಕೊಂಡು ನಿಂತಿದ್ದೆ. ಕಂಬದ ಮರೆಯಲ್ಲಿ ಎಂಟನೆಯ ತರಗತಿಯ ಹುಡುಗನೊಬ್ಬ ಕುಳಿತಿದ್ದ. ಕರೆದೊಯ್ಯಲು ಬಂದ ಅಣ್ಣನ ಮೊಬೈಲು ಅವನ ಎರಡೂ ಕೈಗಳಲ್ಲಿತ್ತು. ಮಳೆಯ ಎರಚಲು ಬೆನ್ನನ್ನು ತೋಯಿಸುತ್ತಿದ್ದರೂ ಅವನಿಗೆ ಅದರ ಪರಿವೆ ಇರಲಿಲ್ಲ.

"ಏನೋ ಅದು?" ಎಂದೆ.

"ಗೇಮು ಸಾರ್."

"ಸರಿ, ಎಷ್ಟು ಹೊತ್ತಿಗೆ ಮುಗಿಯುತ್ತದೆ?"

ಹುಡುಗ ತಲೆಯೆತ್ತಿ ನನ್ನನ್ನು ಕನಿಕರದಿಂದ ನೋಡಿದ. "ಇದಕ್ಕೆ ಮುಗಿಯೋದು ಅಂತ ಇಲ್ಲ ಸಾರ್" ಎಂದ.

ವಾಚಕರೇ, ಮೂವತ್ತು ವರ್ಷಗಳ ಕಾಲ ವ್ಯಾಕರಣ, ಛಂದಸ್ಸುಗಳನ್ನು ಹೇಳಿಕೊಡುತ್ತ ಬಂದ ನನಗೆ ಯಂತ್ರಗಳ ವಿಷಯದಲ್ಲಿ ವಿಶೇಷ ಪಾಂಡಿತ್ಯವಿಲ್ಲ. ಆದರೆ ಆ ಹುಡುಗನ ಮಾತು ನನ್ನನ್ನು ಬಹಳ ದಿನ ಕಾಡಿತು. ಆಟವೆಂದ ಮೇಲೆ ಅದಕ್ಕೊಂದು ಕೊನೆ ಇರಲೇಬೇಕೆಂದು ನಾನು ತಿಳಿದಿದ್ದೆ. ಕೊನೆಯಿಲ್ಲದ ಆಟ ಹೇಗಿರುತ್ತದೆ, ಅದನ್ನು ಹಾಗೆ ಕಟ್ಟಿದವರು ಯಾರು, ಏತಕ್ಕಾಗಿ ಕಟ್ಟಿದರು ಎಂಬುದನ್ನು ಕೇಳಿ, ಓದಿ, ಕೊನೆಗೆ ಮಕ್ಕಳ ಪಕ್ಕದಲ್ಲಿ ಕುಳಿತು ನೋಡಿ ತಿಳಿದುಕೊಂಡೆ. ತಿಳಿದಷ್ಟನ್ನು ಇಲ್ಲಿ ನಿಮ್ಮ ಮುಂದೆ ಇಡುತ್ತೇನೆ.

ಮೊದಲು ನಮಗೆ ಗೊತ್ತಿರುವ ಆಟವೊಂದನ್ನು ನೋಡೋಣ. ಮಲೆನಾಡಿನ ಹಳೆಯ ಮನೆಗಳಲ್ಲಿ ಅಟ್ಟದ ಮೇಲೆ ಚೆನ್ನೆಮಣೆ ಇರುವುದುಂಟು. ನಮ್ಮ ಮನೆಯ ಮಣೆಯಲ್ಲಿ ಎರಡು ಸಾಲು, ಸಾಲಿಗೆ ಏಳು ಗುಳಿ. ಗುಳಿಗೆ ನಾಲ್ಕರಂತೆ ಐವತ್ತಾರು ಹರಳು. ತನ್ನ ಕಡೆಯ ಒಂದು ಗುಳಿಯ ಹರಳುಗಳನ್ನು ಬಾಚಿಕೊಂಡು ಮುಂದಿನ ಗುಳಿಗಳಿಗೆ ಒಂದೊಂದಾಗಿ ಬಿತ್ತುತ್ತ ಹೋಗಬೇಕು. ಕೈ ಬರಿದಾದಾಗ ಮುಂದಿನ ಗುಳಿಯಲ್ಲಿ ಹರಳಿದ್ದರೆ ಅದನ್ನೆತ್ತಿ ಬಿತ್ತನೆ ಮುಂದುವರಿಯುತ್ತದೆ. ಅದು ಖಾಲಿಯಿದ್ದರೆ ಅದರಾಚೆಯ ಗುಳಿಯಲ್ಲಿದ್ದುದು ಆಡಿದವನ ಪಾಲು. ಮಳೆಗಾಲದಲ್ಲಿ ಅಜ್ಜಿ ಮಣೆಯನ್ನು ಕೆಳಗಿಳಿಸುತ್ತಿದ್ದಳು. ಗದ್ದೆಯ ಕೆಲಸ ಮತ್ತೆ ಕರೆದಾಗ ಮಣೆ ಅಟ್ಟಕ್ಕೆ ಹೋಗುತ್ತಿತ್ತು.

ಈ ಆಟದಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಒಂದು, ನಿಯಮ ಆಡುವವರ ಬಾಯಲ್ಲಿಯೇ ಇದೆ. ನಾನು ಮೋಸದಿಂದ ಒಂದು ಗುಳಿ ಹಾರಿಸಿದರೆ ತಂಗಿ ಕೈ ಹಿಡಿಯುತ್ತಿದ್ದಳು. ಮಣೆಗೆ ಬುದ್ಧಿಯಿಲ್ಲ, ಬುದ್ಧಿಯೆಲ್ಲ ನಮ್ಮದೇ. ಎರಡು, ಹರಳು ತೀರಿದರೆ ಆಟ ತೀರಿತು. ಇನ್ನೊಂದು ಆಟ ಬೇಕೆಂದರೆ ಇಬ್ಬರೂ ಒಪ್ಪಿ ಮತ್ತೆ ಹರಳು ಹಂಚಬೇಕು. ಆ ಒಪ್ಪಿಗೆಯ ಗಳಿಗೆಯಲ್ಲಿಯೇ ಒಳಗಿನಿಂದ ಅಮ್ಮ ಕೂಗುವುದಕ್ಕೆ ಅವಕಾಶ ಸಿಗುತ್ತಿತ್ತು.

ಆಟದ ಹುಚ್ಚು ಹೊಸ ಕಾಲದ ಮಕ್ಕಳಿಗೆ ಮಾತ್ರ ಹಿಡಿದ ರೋಗವೆಂದು ಹಲವರು ತಿಳಿದಿದ್ದಾರೆ. ಇತಿಹಾಸ ಬೇರೆ ಮಾತನ್ನು ಹೇಳುತ್ತದೆ. ಆ ಇತಿಹಾಸದಲ್ಲಿ ನಮ್ಮ ಸೀಮೆಗೂ ಒಂದು ಪಾಲುಂಟು. ೧೮೩೦-೩೧ರಲ್ಲಿ ಇಲ್ಲಿ ರೈತರ ದಂಗೆಯೆದ್ದಿತು. ನಗರದ ದಂಗೆಯೆಂದೇ ಅದು ಪ್ರಸಿದ್ಧ. ಅದನ್ನು ಮುಂದೊಡ್ಡಿ ಇಂಗ್ಲಿಷರು ೧೮೩೧ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ರಾಜ್ಯದ ಆಡಳಿತವನ್ನು ಕಸಿದುಕೊಂಡರು. ೧೮೬೮ರಲ್ಲಿ ತೀರಿಕೊಳ್ಳುವವರೆಗೂ ಅವರಿಗೆ ಅದು ಮರಳಿ ಸಿಗಲಿಲ್ಲ. ಅಧಿಕಾರವಿಲ್ಲದ ಆ ದೀರ್ಘ ವರ್ಷಗಳಲ್ಲಿ ಅವರು ಸಾಹಿತ್ಯ, ಸಂಗೀತಗಳೊಂದಿಗೆ ಆಟಗಳಲ್ಲಿಯೂ ಮುಳುಗಿದರು. ಮಣೆಯಾಟ, ಎಲೆಯಾಟಗಳನ್ನು ಸಂಗ್ರಹಿಸಿದರು, ಹೊಸವನ್ನು ಕಲ್ಪಿಸಿದರು. ಅವರ ಶ್ರೀತತ್ತ್ವನಿಧಿಯ ಒಂಬತ್ತನೆಯ ಭಾಗವಾದ ಕೌತುಕನಿಧಿಯ ವಿಷಯವೇ ಇದು. ಮೈಸೂರಿನ ಜಗನ್ಮೋಹನ ಅರಮನೆಯ ಗೋಡೆಯ ಮೇಲೆಯೂ ಅವರ ಆಟದ ಹಾಸುಗಳನ್ನು ಬಣ್ಣದಲ್ಲಿ ಬರೆದಿದ್ದಾರೆ.

ಒಡೆಯರನ್ನು ವಿಶೇಷವಾಗಿ ಸೆಳೆದದ್ದು ಚದುರಂಗದ ಕುದುರೆಯ ನಡೆ. ಅರವತ್ತನಾಲ್ಕು ಮನೆಗಳ ಹಾಸಿನಲ್ಲಿ ಕುದುರೆಯು ತನ್ನ ಸೊಟ್ಟ ನಡೆಯಿಂದಲೇ ಪ್ರತಿಯೊಂದು ಮನೆಯನ್ನೂ ಒಂದೇ ಸಲ ಮೆಟ್ಟಿ ಬರಬೇಕು. ನಮ್ಮ ಆಲಂಕಾರಿಕರಿಗೆ ಈ ಸಮಸ್ಯೆ ಹೊಸದಲ್ಲ. ಒಂಬತ್ತನೆಯ ಶತಮಾನದ ರುದ್ರಟನ ಕಾವ್ಯಾಲಂಕಾರದಲ್ಲಿ ತುರಗಪದವೆಂಬ ಚಿತ್ರಕವಿತ್ವದ ಬಗೆಯೊಂದಿದೆ. ಪದ್ಯದ ಅಕ್ಷರಗಳನ್ನು ಮನೆಗಳಲ್ಲಿ ತುಂಬಿ ಕುದುರೆಯ ನಡೆಯಲ್ಲಿ ಓದಿದರೂ ಅದೇ ಪದ್ಯ ಬರುತ್ತದೆ. ವಿದ್ಯಾರ್ಥಿದೆಸೆಯಲ್ಲಿ ಇದನ್ನು ಬಿಡಿಸುತ್ತ ನಾನು ಊಟ ಮರೆತದ್ದುಂಟು. ಕಂಬದ ಮರೆಯ ಹುಡುಗನನ್ನು ಗದರಿಸುವ ಮುನ್ನ ಇದನ್ನು ನೆನೆಯಬೇಕಾಯಿತು.

ಇಂಗ್ಲಿಷಿನಲ್ಲಿ ಈಗ 'ಗೀಕ್' ಎಂಬ ಮಾತು ಬಳಕೆಯಲ್ಲಿದೆ. ಒಂದು ವಿಷಯದ ಗೀಳು ಹಿಡಿದು, ಲೋಕ ನಗುತ್ತಿದ್ದರೂ ಅದರ ಆಳಕ್ಕೆ ಇಳಿಯುವವನು ಗೀಕ್. ಅಂಥ ಗೀಳಿನಿಂದ ಲೋಕಕ್ಕೆ ಲಾಭವಾದದ್ದೂ ಉಂಟು. ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರಲ್ಲಿ ತಮ್ಮ ಮನೆಯಲ್ಲಿಯೇ ಒಂದು ಪುಟ್ಟ ಪ್ರಸಾರಯಂತ್ರವನ್ನಿಟ್ಟು ಬಾನುಲಿ ಕೇಂದ್ರವನ್ನು ಆರಂಭಿಸಿದರು. 'ಆಕಾಶವಾಣಿ' ಎಂಬ ಹೆಸರು ಅಲ್ಲಿಂದ ಹೊರಟು ಮುಂದೆ ದೇಶಕ್ಕೆಲ್ಲ ಸಂದಿತು. ಮೇಷ್ಟ್ರೊಬ್ಬರ ಮನೆಯ ಗೀಳು ಇಲ್ಲದಿದ್ದರೆ ಈ ಪತ್ರಿಕೆಗೂ ಬೇರೆಯೇ ಹೆಸರಿರುತ್ತಿತ್ತೋ ಏನೋ! ಆದುದರಿಂದ ಗೀಳನ್ನು ಕಂಡೊಡನೆ ಹಣೆ ಸುಕ್ಕುಗಟ್ಟಿಸಬಾರದು. ಗೀಳು ಹಿಡಿದವನು ಏನನ್ನಾದರೂ ಕಟ್ಟುತ್ತಿದ್ದಾನೆಯೇ, ಅಥವಾ ಅವನನ್ನೇ ಯಾರಾದರೂ ಕಟ್ಟಿಹಾಕಿದ್ದಾರೆಯೇ ಎಂಬುದನ್ನು ನೋಡಬೇಕು.

ಇನ್ನು ವಿಡಿಯೋ ಆಟಗಳ ಹುಟ್ಟಿನ ವಿಚಾರ. ಅದು ತೀರ ಸರಳವಾದದ್ದು. ೧೯೫೮ರಲ್ಲಿ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಶಾಲೆಯನ್ನು ನೋಡಲು ಬರುವ ಜನರಿಗೆ ಬೇಸರವಾಗದಿರಲೆಂದು ವಿಲಿಯಂ ಹಿಗಿನ್‌ಬಾಥಂ ಎಂಬ ಭೌತವಿಜ್ಞಾನಿ ಒಂದು ಆಟವನ್ನು ಮಾಡಿದ. ವಿದ್ಯುತ್ತಿನ ಅಲೆಗಳನ್ನು ತೋರಿಸುವ ಉಪಕರಣದ ಸಣ್ಣ ಪರದೆಯ ಮೇಲೆ ಬೆಳಕಿನ ಚುಕ್ಕೆಯೊಂದು ಟೆನಿಸ್ ಚೆಂಡಿನಂತೆ ಹಾರಾಡಿತು. ೧೯೭೨ರಲ್ಲಿ ಪಾಂಗ್ ಎಂಬ ಆಟ ಅಂಗಡಿಗಳಲ್ಲಿ ಕಾಸು ಹಾಕಿ ಆಡುವ ಯಂತ್ರವಾಗಿ ಬಂದಿತು. ೧೯೮೪ರಲ್ಲಿ ಮಾಸ್ಕೋದ ಅಲೆಕ್ಸಿ ಪಾಜಿತ್ನೋವ್ ಮೇಲಿನಿಂದ ಬೀಳುವ ತುಂಡುಗಳನ್ನು ಸಂದಿಲ್ಲದಂತೆ ಜೋಡಿಸುವ ಟೆಟ್ರಿಸ್ ಆಟವನ್ನು ರಚಿಸಿದ. ೧೯೯೭ರಲ್ಲಿ ನೋಕಿಯಾ ಫೋನಿನೊಳಗೆ ಹಾವಿನ ಆಟ ಸೇರಿತು. ಆ ಹಾವನ್ನು ನಮ್ಮಲ್ಲಿ ಬಸ್ಸಿಗೆ ಕಾಯುತ್ತ ಆಡಿಸದವರು ವಿರಳ. ಅದೇ ವರ್ಷ ಬೆಂಗಳೂರಿನಲ್ಲಿ ಧ್ರುವ ಇಂಟರಾಕ್ಟಿವ್ ಎಂಬ ಸಂಸ್ಥೆ ಹುಟ್ಟಿ, ಇಂಥ ಆಟಗಳನ್ನು ಕಟ್ಟುವ ಕಸಬು ನಮ್ಮ ನಾಡಿಗೂ ಬಂದಿತು. ಚಿತ್ರ, ಸಂಗೀತ, ಕಥೆ, ಗಣಿತ ಇವು ನಾಲ್ಕೂ ಕೂಡಿದ ಕಸಬು ಅದು, ಹಗುರವಾಗಿ ಕಾಣತಕ್ಕದ್ದಲ್ಲ.

ಈ ಆಟ ಒಳಗೆ ನಡೆಯುವ ಬಗೆ ಹೇಗೆ? ಯಂತ್ರವು ನಿಮ್ಮ ಬೆರಳು ಎಲ್ಲಿದೆಯೆಂದು ನೋಡುತ್ತದೆ. ನಿಯಮದಂತೆ ಲೆಕ್ಕ ಹಾಕುತ್ತದೆ. ಆ ಲೆಕ್ಕದಂತೆ ಹೊಸ ಚಿತ್ರ ಬರೆಯುತ್ತದೆ. ಮತ್ತೆ ಬೆರಳನ್ನು ನೋಡುತ್ತದೆ. ಹೀಗೆ ಒಂದು ಸೆಕೆಂಡಿಗೆ ಮೂವತ್ತು ಸಲ, ಅರವತ್ತು ಸಲ ಚಿತ್ರ ಬದಲಾಗುವುದರಿಂದ ನಮ್ಮ ಕಣ್ಣಿಗೆ ಅದು ಎಡೆಬಿಡದ ಚಲನೆಯಾಗಿ ಕಾಣುತ್ತದೆ. ಯಕ್ಷಗಾನದಲ್ಲಿ ವೇಷಧಾರಿಯ ಹೆಜ್ಜೆಯನ್ನು ನೋಡಿ ಭಾಗವತರು ತಾಳವನ್ನು ಹೊಂದಿಸಿಕೊಳ್ಳುತ್ತಾರಷ್ಟೆ. ಯಂತ್ರ ಮಾಡುವುದೂ ಅದನ್ನೇ, ವೇಗ ಮಾತ್ರ ಹೆಚ್ಚು. ಆದರೆ ಇಲ್ಲಿ ಚೆನ್ನೆಮಣೆಗಿಂತ ದೊಡ್ಡ ಅಂತರವೊಂದುಂಟು. ಮಣೆಯೂ ಯಂತ್ರವೇ, ತೀರ್ಪುಗಾರನೂ ಯಂತ್ರವೇ. ನಿಯಮವು ಆಡುವವನ ಬಾಯಿಂದ ಯಂತ್ರದ ಹೊಟ್ಟೆಗೆ ಇಳಿದುಹೋಯಿತು. ಅದನ್ನು ಕಂಡವನು ಬರೆದವನೊಬ್ಬನೇ.

ಟೆಟ್ರಿಸ್ ಆಡುವವನು, ಹಾವನ್ನು ಓಡಿಸುವವನು ಎಷ್ಟೇ ಜಾಣನಾಗಿದ್ದರೂ ಕೊನೆಗೆ ಸೋಲುತ್ತಿದ್ದ. ಸೋತಾಗ ಫೋನು ಕಿಸೆಗೆ ಹೋಗುತ್ತಿತ್ತು. ಫೋನುಗಳೆಲ್ಲ ಅಂತರಜಾಲಕ್ಕೆ ಜೋಡಿಯಾದ ಮೇಲೆ ವ್ಯಾಪಾರದ ರೀತಿ ಬದಲಾಯಿತು. ಒಂದು ಸಲ ಬೆಲೆ ತೆಗೆದುಕೊಂಡು ಆಟವನ್ನು ಮಾರುವುದಕ್ಕೆ ಬದಲಾಗಿ, ಆಟವನ್ನು ಪುಕ್ಕಟೆ ಕೊಟ್ಟು ಒಳಗೆ ಬಂದವರಿಗೆ ಉಡುಪು, ಆಯುಧ, ಬಣ್ಣದ ಪೆಟ್ಟಿಗೆ ಮಾರುವುದು ಹೆಚ್ಚು ಲಾಭದಾಯಕವೆಂದು ಕಂಡುಬಂದಿತು. ಜಾತ್ರೆಗೆ ಪ್ರವೇಶಶುಲ್ಕವಿಲ್ಲ, ಖರ್ಚೆಲ್ಲ ಒಳಗೆ. ಹಾಗಾದಾಗ ಬಂದವನು ಬೇಗ ಹೊರಡಬಾರದಲ್ಲವೇ? ಆದುದರಿಂದ ಆಟದ ಕೊನೆಯನ್ನೇ ತೆಗೆದುಹಾಕಿದರು. ಪ್ರತಿದಿನ ಬಂದವನಿಗೆ ಬಹುಮಾನ, ಒಂದು ದಿನ ತಪ್ಪಿದರೆ ನಷ್ಟ. ನಾಲ್ವರು ಗೆಳೆಯರ ತಂಡ ಕಟ್ಟಿ, ಒಬ್ಬ ಎದ್ದರೆ ಉಳಿದವರು ಸೋಲುವ ಏರ್ಪಾಡು. ನಮ್ಮ ಹುಡುಗ ಮಳೆಯಲ್ಲಿ ತೋಯುತ್ತಿದ್ದರೂ ಏಳದಿದ್ದುದು ಸೋಮಾರಿತನದಿಂದಲ್ಲ. ಅವನ ಮಟ್ಟಿಗೆ ಅದು ಸ್ನೇಹಧರ್ಮ!

ಬಣ್ಣದ ಪೆಟ್ಟಿಗೆಯ ಮರ್ಮವನ್ನು ತಿಳಿಯಲು ಅಮೆರಿಕದ ಮನಶ್ಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ ಪಾರಿವಾಳಗಳ ಮೇಲೆ ಮಾಡಿದ ಪ್ರಯೋಗಗಳು ನೆರವಾಗುತ್ತವೆ. ಗುಂಡಿಯನ್ನು ಕುಕ್ಕಿದಾಗಲೆಲ್ಲ ಕಾಳು ಸಿಗುತ್ತಿದ್ದ ಹಕ್ಕಿ, ಕಾಳು ನಿಂತರೆ ಬಹು ಬೇಗ ಕುಕ್ಕುವುದನ್ನು ಬಿಡುತ್ತದೆ. ಆದರೆ ಒಮ್ಮೆ ಮೂರು ಸಲಕ್ಕೆ, ಒಮ್ಮೆ ಮೂವತ್ತು ಸಲಕ್ಕೆ, ಯಾವಾಗ ಸಿಕ್ಕೀತೆಂದು ತಿಳಿಯದಂತೆ ಕಾಳು ಕೊಟ್ಟು ಅಭ್ಯಾಸ ಮಾಡಿಸಿದ ಹಕ್ಕಿ, ಕಾಳು ನಿಂತ ಮೇಲೂ ಬಹಳ ಹೊತ್ತು ಕುಕ್ಕುತ್ತಲೇ ಇರುತ್ತದೆ. ಹೊಳೆಯಲ್ಲಿ ಗಾಳ ಹಾಕಿ ಕುಳಿತವನ ಮನಸ್ಸೂ ಹೀಗೆಯೇ: ಮುಂದಿನ ಸಲ ಸಿಕ್ಕೀತು! ಪೆಟ್ಟಿಗೆಯನ್ನು ಒಡೆದರೆ ಒಳಗೆ ಏನಿದ್ದೀತೆಂದು ತಿಳಿಯದಂತೆ ಮಾಡಿರುವುದರ ಗುಟ್ಟು ಇದು. ಬೆಲ್ಜಿಯಂ ದೇಶವು ಹಣ ಕೊಟ್ಟು ಒಡೆಯುವ ಇಂಥ ಪೆಟ್ಟಿಗೆಗಳು ಜೂಜೆಂದು ೨೦೧೮ರಲ್ಲಿಯೇ ತೀರ್ಮಾನಿಸಿತು.

ಜೂಜೆಂದ ಮೇಲೆ ನೋವಿನ ಸಂಗತಿಯೊಂದನ್ನು ಹೇಳದೆ ಗತ್ಯಂತರವಿಲ್ಲ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಲೆಕ್ಕದಲ್ಲಿ ಬಲು ಚುರುಕು. "ನಿನ್ನ ಬುದ್ಧಿ ನಿನ್ನನ್ನು ಎಂದೂ ಕೈಬಿಡದು" ಎಂದು ತರಗತಿಯೆದುರಿಗೆ ಬೆನ್ನು ತಟ್ಟಿದವನು ನಾನೇ. ಮನೆಯ ಅಡಿಕೆ ತೋಟವನ್ನು ನೋಡಿಕೊಂಡಿದ್ದವನು ಕೆಲವು ವರ್ಷಗಳ ಹಿಂದೆ ಫೋನಿನಲ್ಲಿ ಹಣವಿಟ್ಟು ಇಸ್ಪೀಟು ಆಡತೊಡಗಿದ. ಅದು ಅದೃಷ್ಟದ ಆಟವಲ್ಲ, ಬುದ್ಧಿಯ ಆಟವೆಂದು ಅವನ ವಾದ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಆ ವರ್ಷದ ಅಡಿಕೆ ಮಾರಿದ ಹಣವೆಲ್ಲ ಹೋಯಿತು. ತಾಯಿಯ ಬಳೆಗಳು ಅಡವಿಗೆ ಹೋದವು. ಆ ತಾಯಿ ನನ್ನ ಮನೆಗೆ ಬಂದು ಅತ್ತಳು. ನಾನು ಹೋಗಿ ಕೇಳಿದಾಗ ಅವನು ಬಹಳ ಹೊತ್ತು ತಲೆ ತಗ್ಗಿಸಿ ಕುಳಿತಿದ್ದು, "ಎದುರಿಗೆ ಕೂತವರ ಮುಖ ಕಾಣ್ತಿದ್ರೆ ಎದ್ದು ಬರ್ತಿದ್ದೆ ಮೇಷ್ಟ್ರೇ" ಎಂದ.

ಆ ಮಾತಿನಲ್ಲಿ ಸತ್ಯವಿದೆ. ಊರ ಜಗಲಿಯಲ್ಲಿ ದೀಪಾವಳಿಗೆ ಎಲೆ ಹಾಕುತ್ತಿದ್ದವರೂ ಸಂತರಲ್ಲ. ಆದರೆ ಒಬ್ಬನ ಕೈ ಸೋತಿದೆಯೆಂದು ಎಲ್ಲರಿಗೂ ಕಾಣುತ್ತಿತ್ತು. "ಸಾಕು, ಮನೆಗೆ ನಡಿ ಮಾರಾಯ" ಎಂದು ಎಬ್ಬಿಸುವ ಹಿರಿಯನೊಬ್ಬ ಇರುತ್ತಿದ್ದ. ಫೋನಿನೊಳಗೆ ಎಬ್ಬಿಸುವವರಿಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ದ್ಯೂತಾಧ್ಯಕ್ಷನೆಂಬ ಅಧಿಕಾರಿಯಿದ್ದಾನೆ. ಜೂಜು ಅವನ ಕಣ್ಣೆದುರಿಗೆ ಒಂದೇ ಕಡೆ ನಡೆಯಬೇಕು, ದಾಳಗಳು ಶುದ್ಧವಾಗಿರಬೇಕು. ಗೆದ್ದ ಹಣದಲ್ಲಿ ನೂರಕ್ಕೆ ಐದು ಅವನು ಪಡೆಯತಕ್ಕದ್ದು. ಫೋನಿನ ಇಸ್ಪೀಟಿನ ಮನೆಯವರೂ ಪ್ರತಿ ಆಟದಲ್ಲಿ ತಮ್ಮ ಪಾಲನ್ನು ಮುರಿದುಕೊಳ್ಳುತ್ತಿದ್ದರು. ಯಾರೇ ಗೆಲ್ಲಲಿ, ಯಾರೇ ಸೋಲಲಿ, ಆ ಪಾಲು ತಪ್ಪುತ್ತಿರಲಿಲ್ಲ. ಹತ್ತಾರು ಸಲ ಆಡುತ್ತ ಹೋದರೆ ಮೇಜಿನ ಮೇಲಿನ ಹಣ ಕರಗುತ್ತಲೇ ಬರುತ್ತದೆ. ಲೆಕ್ಕದಲ್ಲಿ ಚುರುಕಾದ ನನ್ನ ಶಿಷ್ಯ ಈ ಒಂದು ಲೆಕ್ಕವನ್ನು ಮಾತ್ರ ಮಾಡಿರಲಿಲ್ಲ.

ಕಾನೂನು ಈ ವಿಷಯದಲ್ಲಿ ತಡವರಿಸುತ್ತಲೇ ಬಂದಿತು. ನಮ್ಮ ರಾಜ್ಯವು ೨೦೨೧ರಲ್ಲಿ ಪೊಲೀಸ್ ಕಾಯಿದೆಗೆ ತಿದ್ದುಪಡಿ ತಂದು ಹಣದ ಆಟಗಳನ್ನು ನಿಷೇಧಿಸಿತು. ಬುದ್ಧಿಯ ಆಟವೂ ಅದೃಷ್ಟದ ಆಟವೂ ಒಂದೇ ಅಲ್ಲವೆಂಬ ವಾದವನ್ನು ಪುರಸ್ಕರಿಸಿ ಹೈಕೋರ್ಟು ೨೦೨೨ರ ಫೆಬ್ರವರಿಯಲ್ಲಿ ಆ ತಿದ್ದುಪಡಿಯನ್ನು ತಳ್ಳಿಹಾಕಿತು. ೨೦೨೫ರ ಆಗಸ್ಟ್ ತಿಂಗಳಿನಲ್ಲಿ ಸಂಸತ್ತೇ ಒಂದು ಕಾಯಿದೆ ಮಾಡಿತು: ಹಣವಿಟ್ಟು ಆಡುವ ಅಂತರಜಾಲದ ಆಟಗಳನ್ನು ನಡೆಸಕೂಡದು, ಹಣದ ಪಣವಿಲ್ಲದ ಆಟಗಳಿಗೂ ಕ್ರೀಡಾರೂಪದ ಸ್ಪರ್ಧೆಗಳಿಗೂ ಅಡ್ಡಿಯಿಲ್ಲ. ಅದನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿನವರೆಗೂ ಹೋದವು. ಕಾಯಿದೆ ಆಗಬೇಕಾದದ್ದೇ. ಆದರೆ ಅದು ಅಂಗಡಿಯ ಬಾಗಿಲನ್ನು ಹಾಕಬಲ್ಲುದು. ಒಳಗೆ ನಡೆದ ಲೆಕ್ಕವನ್ನು ಮಕ್ಕಳಿಗೆ ಬಿಡಿಸಿ ಹೇಳುವ ಕೆಲಸ ಅದರದಲ್ಲ, ನಮ್ಮದು.

ಹಣದ ಮಾತಿಲ್ಲದೆಯೂ ಆಟ ಕೆಲವರನ್ನು ನುಂಗುವುದುಂಟು. ವಿಶ್ವ ಆರೋಗ್ಯ ಸಂಸ್ಥೆ ೨೦೧೯ರಲ್ಲಿ ಅಂಗೀಕರಿಸಿದ ರೋಗಗಳ ಪಟ್ಟಿಯಲ್ಲಿ ಆಟದ ವ್ಯಸನವೂ ಸೇರಿದೆ. ದಿನಕ್ಕೆ ಇಷ್ಟು ತಾಸು ಆಡಿದರೆ ರೋಗವೆಂದು ಅದು ಹೇಳುವುದಿಲ್ಲ. ಆಟದ ಮೇಲೆ ಹಿಡಿತ ತಪ್ಪುವುದು, ಉಳಿದೆಲ್ಲ ಕೆಲಸಗಳಿಗಿಂತ ಆಟವೇ ಮುಂದಾಗುವುದು, ಹಾನಿ ಕಣ್ಣಿಗೆ ಕಂಡರೂ ನಿಲ್ಲಿಸಲಾಗದಿರುವುದು, ಈ ಸ್ಥಿತಿ ಸಾಮಾನ್ಯವಾಗಿ ಒಂದು ವರ್ಷದವರೆಗೆ ಇರುವುದು, ಇವು ಲಕ್ಷಣಗಳು. ಮಗ ರಜೆಯಲ್ಲಿ ಎರಡು ತಾಸು ಆಡಿದನೆಂದು ತಾಯಿತಂದೆಗಳು ಹೆದರಬೇಕಾಗಿಲ್ಲ. ನಿಜವಾಗಿ ಕೈಮೀರಿದರೆ ನಾಚಿಕೆಪಡಲೂಬೇಕಾಗಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ೨೦೧೪ರಲ್ಲಿಯೇ ಇದಕ್ಕೆಂದು ಚಿಕಿತ್ಸಾಲಯವನ್ನು ತೆರೆಯಿತು.

ಪತ್ರಿಕೆಗಳ ತಂತ್ರಜ್ಞಾನದ ಪುಟವನ್ನು ನಾನೂ ಈಚೆಗೆ ಓದುತ್ತೇನೆ. ಹೊಸ ಫೋನಿಗೆ ಎಷ್ಟು ಕ್ಯಾಮೆರಾ, ಬೆಲೆ ಎಷ್ಟು, ಹಿಂದಿನದಕ್ಕಿಂತ ಎಷ್ಟು ಚುರುಕು ಎಂಬುದೆಲ್ಲ ಅಲ್ಲಿರುತ್ತದೆ. ಅದು ನಮ್ಮಿಂದ ಏನನ್ನು ಕೇಳುತ್ತದೆ ಎಂಬುದು ಅಪರೂಪಕ್ಕೊಮ್ಮೆ ಕಾಣುತ್ತದೆ. ಹಸುವನ್ನು ಕೊಳ್ಳುವ ರೈತ ಹಾಲೆಷ್ಟು ಎಂದು ಕೇಳುವುದರೊಂದಿಗೆ ಮೇವೆಷ್ಟು ಎಂದೂ ಕೇಳುತ್ತಾನಲ್ಲವೇ?

ಹಾಗಾದರೆ ಮಾಡಬೇಕಾದದ್ದೇನು? ಉತ್ತರ ನಮ್ಮ ಮಗ್ಗುಲಲ್ಲಿಯೇ ಇದೆ. ಸಾಗರದ ಬಳಿಯ ಹೆಗ್ಗೋಡಿನಲ್ಲಿ ೧೯೪೯ರಲ್ಲಿ ಹುಟ್ಟಿದ ನೀನಾಸಮ್ ಸಂಸ್ಥೆ ಮೊದಲು ನಾಟಕಕ್ಕೆ ಹೆಸರಾಯಿತು. ಸಿನಿಮಾ ಹುಡುಗರನ್ನು ಕೆಡಿಸುತ್ತದೆಂದು ಹಿರಿಯರು ಗೊಣಗುತ್ತಿದ್ದ ಕಾಲದಲ್ಲಿ, ೧೯೭೩ರಲ್ಲಿ, ಕೆ. ವಿ. ಸುಬ್ಬಣ್ಣನವರೂ ಅವರ ಗೆಳೆಯರೂ ಅಲ್ಲಿ ಚಿತ್ರಸಮಾಜವನ್ನು ಕಟ್ಟಿದರು. ಲೋಕದ ಶ್ರೇಷ್ಠ ಚಿತ್ರಗಳನ್ನು ಹಳ್ಳಿಯವರಿಗೆ ತೋರಿಸಿದರು. ರಸಗ್ರಹಣ ಶಿಬಿರಗಳನ್ನು ನಡೆಸಿ, ಚಿತ್ರವನ್ನು ಹೇಗೆ ಕಟ್ಟುತ್ತಾರೆ, ನೋಡುವವನನ್ನು ಅದು ಹೇಗೆ ಅಳಿಸುತ್ತದೆ, ನಗಿಸುತ್ತದೆ ಎಂದು ಕನ್ನಡದಲ್ಲಿ ಬಿಡಿಸಿ ಹೇಳಿದರು. ಕಟ್ಟಿದ ಬಗೆಯನ್ನು ಬಲ್ಲವನಿಗೆ ಸವಿ ಹೆಚ್ಚುತ್ತದೆ, ಮರುಳಾಗುವುದು ಕಡಿಮೆಯಾಗುತ್ತದೆ. ವಿಡಿಯೋ ಆಟಕ್ಕೂ ಬೇಕಾದದ್ದು ಇಂಥ ರಸಗ್ರಹಣವೇ. ಕವಿತೆಯನ್ನು ಓದಿಸುವಂತೆ ಆಟವನ್ನೂ ಓದಿಸಬೇಕು.

ಅದಕ್ಕೆ ಮೂರು ಪ್ರಶ್ನೆಗಳು ಸಾಕು. ಆಟದ ನಿಯಮ ಯಾರ ಕೈಯಲ್ಲಿದೆ, ಅದು ನನಗೆ ಕಾಣುತ್ತದೆಯೇ? ಆಟ ಎಲ್ಲಿ ಮುಗಿಯುತ್ತದೆ, ಮುಗಿಯದಿದ್ದರೆ ಅದರಿಂದ ಲಾಭ ಯಾರಿಗೆ? ಇದಕ್ಕೆ ನಾನು ತೆರುತ್ತಿರುವುದು ಹಣವೋ, ಹೊತ್ತೋ, ನಿದ್ದೆಯೋ? ಈ ಮೂರಕ್ಕೂ ಸಮಾಧಾನದ ಉತ್ತರ ದೊರಕಿದರೆ ಧಾರಾಳವಾಗಿ ಆಡಲಿ. ಇಂಥ ಆಟಗಳಲ್ಲಿಯೂ ಸೊಗಸಾದ ಕಥೆಯುಳ್ಳವು, ಬುದ್ಧಿಯನ್ನು ಮಸೆಯುವವು, ಅಚ್ಚುಕಟ್ಟಾಗಿ ಮುಗಿಯುವವು ಎಷ್ಟೋ ಉಂಟು.

ಕಂಬದ ಮರೆಯ ಹುಡುಗನನ್ನು ನಾನು ಗದರಿಸಲಿಲ್ಲ. ಮುಂದಿನ ಶನಿವಾರ ಆ ಆಟವನ್ನು ತರಗತಿಗೆಲ್ಲ ಕನ್ನಡದಲ್ಲಿ ವಿವರಿಸೆಂದು ಹೇಳಿದೆ. ಪದ್ಯ ಒಪ್ಪಿಸಲು ತಡವರಿಸುವವನು ಕಪ್ಪುಹಲಗೆಯ ಮೇಲೆ ನಕ್ಷೆ ಬರೆದು ಕಾಲು ಗಂಟೆ ನಿರರ್ಗಳವಾಗಿ ಮಾತನಾಡಿದ. ಕೊನೆಗೆ ಬಣ್ಣದ ಪೆಟ್ಟಿಗೆಯ ಮಾತು ಬಂದಿತು. "ಇದರೊಳಗೆ ಏನು ಬರ್ತದೆ ಅಂತ ಯಾರಿಗೂ ಗೊತ್ತಿರೋದಿಲ್ಲ" ಎಂದ. ಹಿಂದಿನ ಬೆಂಚಿನಿಂದ ಹುಡುಗಿಯೊಬ್ಬಳು, "ಮಾಡಿದವರಿಗೆ ಗೊತ್ತಿರ್ತದಲ್ಲ?" ಎಂದು ಕೇಳಿದಳು. ಹುಡುಗ ಸೀಮೆಸುಣ್ಣ ಹಿಡಿದು ಸ್ವಲ್ಪ ಹೊತ್ತು ಸುಮ್ಮನೆ ನಿಂತ. ನಾನು ಒಂದು ತಿಂಗಳು ಪಾಠ ಮಾಡಿದ್ದರೂ ಅಷ್ಟನ್ನು ಕಲಿಸಲಾಗುತ್ತಿರಲಿಲ್ಲ.

ಅವನು ಆಟವನ್ನು ಬಿಟ್ಟನೆಂದರೆ ಸುಳ್ಳಾದೀತು, ಈಗಲೂ ಆಡುತ್ತಾನೆ. ವಾಚಕರೇ, ನಿಮ್ಮ ಮನೆಯಲ್ಲಿಯೂ ಅಂಥವನೊಬ್ಬ ಇದ್ದಾನು. ಫೋನನ್ನು ಕಿತ್ತುಕೊಳ್ಳುವ ಮುನ್ನ ಒಂದು ಸಂಜೆ ಅವನ ಪಕ್ಕದಲ್ಲಿ ಕುಳಿತು, "ನನಗೂ ಹೇಳಿಕೊಡು" ಎಂದು ಕೇಳಿ ನೋಡಿ. ನೀವು ಖಂಡಿತವಾಗಿ ಸೋಲುತ್ತೀರಿ. ಸೋತು ಎದ್ದು, "ಇನ್ನು ಊಟಕ್ಕೆ ಹೊತ್ತಾಯಿತು, ಬಾ" ಎಂದು ಕರೆಯಿರಿ. ಯಂತ್ರದಿಂದ ತೆಗೆದುಹಾಕಿದ ಆ ಕೊನೆಯನ್ನು ಆಟಕ್ಕೆ ಮರಳಿ ಜೋಡಿಸುವುದು ಮನೆಯ ದನಿಯಿಂದ ಮಾತ್ರವೇ ಸಾಧ್ಯ.